ಶ್ರುತಿ ಪೆಟ್ಟಿಗೆಯ ಕೆಂಪು ದೀಪ

ನಮ್ಮಂಥವರ ಪಾಲಿಗೆ ವಾರಾಂತ್ಯ ಎಂಬುದು ಶನಿವಾರ ಸಂಜೆ ಶೆಡ್ಡಿನ ಶಟರ್ ಎಳೆದಾಗ ಶುರುವಾಗಿ, ಭಾನುವಾರ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಮುಗಿದುಹೋಗುತ್ತದೆ. ಅಷ್ಟರೊಳಗೆ ಭಜನೆ, ತಿಂಡಿ, ಸುತ್ತಾಟ, ಒಂದು ಮಧ್ಯಾಹ್ನದ ನಿದ್ದೆ, ಹೆಂಡತಿಯ ಜೊತೆ ಒಂದು ಜಗಳ ಎಲ್ಲವೂ ಆಗಬೇಕು. ಹೋದ ವರ್ಷ ರಾಮನವಮಿ ಕಳೆದ ಮೇಲಿನ ಒಂದು ವಾರಾಂತ್ಯದಲ್ಲಿ ನಿದ್ದೆಯೊಂದು ಬಿಟ್ಟು ಇವೆಲ್ಲವೂ ಆದವು. ಜೊತೆಗೆ, ನನ್ನ ಹೆಂಡತಿಯ ಹಾಡು ನನ್ನ ಕಿವಿಗೆ ಇನ್ನೂ ಉಳಿದಿದೆಯೋ ಇಲ್ಲವೋ ಎಂಬುದೂ ತೀರ್ಮಾನವಾಯಿತು. ನಾನು ಕೇಳದಿದ್ದ ತೀರ್ಮಾನ ಅದು.

ಪೀಣ್ಯದ ಒಂದು ಒಳರಸ್ತೆಯಲ್ಲಿ ನಮ್ಮ ಪ್ರೆಸ್ ಶಾಪ್ ಇದೆ. ತಗಡನ್ನು ಒತ್ತಿ, ಕತ್ತರಿಸಿ, ಬಗ್ಗಿಸಿ ಗಾಡಿಗಳ ಬಿಡಿಭಾಗ ಮಾಡುವ ಯಂತ್ರಗಳು ಅಲ್ಲಿ ಸಾಲಾಗಿ ನಿಂತಿವೆ. ಅವುಗಳಿಗೆ ಡೈ, ಅಂದರೆ ಅಚ್ಚು, ಕೂರಿಸುವುದು ನನ್ನ ಕೆಲಸ. ಪ್ರಾಯದಲ್ಲಿ ಸೇರಿದವನು ತಲೆ ನರೆತರೂ ಅಲ್ಲೇ ಇದ್ದೇನೆ. ಅಚ್ಚು ಸರಿಯಾಗಿ ಕೂತಿದೆಯೋ ಇಲ್ಲವೋ ಎಂಬುದನ್ನು ಕಣ್ಣಿಗಿಂತ ಮೊದಲು ಕಿವಿ ಹೇಳುತ್ತದೆ. ಪ್ರೆಸ್ ಬಿದ್ದಾಗ ಏಟು ಗಟ್ಟಿಯಾಗಿ ಒಂದೇ ಸದ್ದಾಗಿ ಬಂದರೆ ಸರಿ, ಸದ್ದು ಎರಡಾಗಿ ಸೀಳಿಕೊಂಡು ಬಂದರೆ ಅಚ್ಚು ಜರುಗಿದೆ ಎಂದರ್ಥ. ಹಾಗಾಗಿ ಕಿವಿಗೆ ತುರುಕಿಕೊಳ್ಳಲು ಕೊಡುವ ಕಿತ್ತಳೆ ಬಣ್ಣದ ಸ್ಪಂಜಿನ ಬಿರಡೆಯನ್ನು ನಾವು ದಾರ ಸಮೇತ ಕೊರಳಿಗೆ ತಾಯತದ ಹಾಗೆ ಹಾಕಿಕೊಳ್ಳುತ್ತೇವೆ. ಯಾರಾದರೂ ದೊಡ್ಡ ಮನುಷ್ಯರು ಶಾಪ್ ನೋಡಲು ಬಂದಾಗ ಕಿವಿಗೆ ಹೋಗುತ್ತದೆ, ಅವರು ಹೋದ ಮೇಲೆ ಕೊರಳಿಗೆ ಇಳಿಯುತ್ತದೆ. ಕಿವಿ ಮುಚ್ಚಿಕೊಂಡವನು ಡೈ ಕೂರಿಸಲಾರ. ಕಿವಿಯಿಂದಲೇ ಅನ್ನ ತಿಂದೆವು, ಆ ಅನ್ನ ಕಿವಿಯನ್ನೇ ತಿಂದಿತು. ಇದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ಗೊತ್ತಾಗುವುದಿಲ್ಲ.

ಹಾರ್ಮೋನಿಯಂ ನನ್ನ ಹವ್ಯಾಸ. ಅದು ಬಂದದ್ದು ಹೆಂಡತಿಯ ದೆಸೆಯಿಂದ. ಹೆಣ್ಣು ನೋಡಲು ಹೋದಾಗ ನಮ್ಮತ್ತೆ, ಆ ಕಾಲದ ರೂಢಿಯಂತೆ, ಹುಡುಗಿಗೆ ಒಂದು ಹಾಡು ಹೇಳಲು ಹೇಳಿದ್ದರು. ಚಾಪೆಯ ಮೇಲೆ ತಲೆ ತಗ್ಗಿಸಿ ಕೂತು, ತನ್ನ ಅಜ್ಜಿಯಿಂದ ಕಲಿತ ಒಂದು ದೇವರನಾಮ ಹಾಡಿದಳು. ಸಣ್ಣಗಿನ ದನಿ. ಎರಡನೇ ಚರಣ ಮೇಲಕ್ಕೆ ಹೋದಾಗ ಆ ದನಿ ಒಂದು ಕ್ಷಣ ಅಲ್ಲೇ ನಿಂತು, ಗೋಡೆಯ ಮೇಲಿಂದ ಆಚೆ ಇಣುಕಿ ನೋಡಿದ ಹಾಗೆ ನೋಡಿ, ಕೆಳಗಿಳಿಯಿತು. ಉಪ್ಪಿಟ್ಟು, ಕೇಸರಿಬಾತು ಎರಡರ ರುಚಿಯೂ ನನಗೆ ತಿಳಿಯಲಿಲ್ಲ. ಮದುವೆಯಾಗಿ ಲಗ್ಗೆರೆಯ ಒಂದೇ ಕೋಣೆಯ ಮನೆಯಲ್ಲಿ ಸಂಸಾರ ಹೂಡಿದ ಹೊಸತರಲ್ಲಿ ಹಳೆಯ ಹಾರ್ಮೋನಿಯಂ ಒಂದನ್ನು ತಂದೆ. ತಿದಿಗೆ ತೇಪೆ ಹಾಕಿದೆ, ಕಟ್ಟಿಕೊಂಡಿದ್ದ ಸ್ವರದ ಮನೆಗಳನ್ನು ಬಿಡಿಸಿದೆ, ಅವಳು ಹಾಡುವ ಹಾಡುಗಳನ್ನು ಒಂದೊಂದಾಗಿ ಬೆರಳಿಗೆ ತಂದುಕೊಂಡೆ. ಭಾನುವಾರ ಸಂಜೆ ಅವಳು ಹಾಡುವುದು, ನಾನು ನುಡಿಸುವುದು. ನಮ್ಮ ಸಂಸಾರದಲ್ಲಿ ಐಷಾರಾಮ ಎಂದು ಇದ್ದದ್ದು ಇದೊಂದೇ.

ಈಗ ನಾವು ಚಿಕ್ಕಬಾಣಾವರದಲ್ಲಿದ್ದೇವೆ. ಬಡಾವಣೆಯ ಆಂಜನೇಯನ ಗುಡಿಯಲ್ಲಿ ಪ್ರತಿ ಶನಿವಾರ ಸಂಜೆ ನಮ್ಮ ಭಜನೆ. ನಮ್ಮ ಮೇಳದವರೆಲ್ಲ ಪೀಣ್ಯದವರೇ. ಢೋಲಕ್ ಬಾರಿಸುವವನು ನಮ್ಮದೇ ಶಾಪಿನ ಪ್ರೆಸ್ ಆಪರೇಟರ್, ತಾಳ ಹಾಕುವ ಹಿರಿಯರು ಕಾದ ಕಬ್ಬಿಣ ಬಡಿಯುವ ಫೋರ್ಜಿಂಗ್ ಶಾಪಿನಲ್ಲಿ ದುಡಿದು ನಿವೃತ್ತರಾದವರು, ದನಿಗೂಡಿಸುವವರು ಗ್ರೈಂಡಿಂಗು, ರಿವೆಟ್ಟಿಂಗು ಅಂತ ಒಂದೊಂದು ಸದ್ದಿನ ಮನೆಯಿಂದ ಬಂದವರು. ಬೇರೆ ಕಡೆ ಭಜನೆಯವರು ದೇವರ ಎದುರು ಎರಡು ಸಾಲಾಗಿ ಕೂರುತ್ತಾರೆ. ನಾವು ದುಂಡಗೆ ಕೂರುತ್ತೇವೆ. ಅದು ನಮ್ಮ ವಿಶೇಷ ಎಂದು ಬೀಗುತ್ತಿದ್ದೆವು. ಒಬ್ಬರ ಬಾಯಿ ಇನ್ನೊಬ್ಬರಿಗೆ ಕಾಣದಿದ್ದರೆ ನಮಗೆ ಹಾಡಲು ಬರುವುದಿಲ್ಲ ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ಶಾಪಿನ ಗದ್ದಲದಲ್ಲಿ ಮಾತಾಡುವುದು ಹಾಗೆಯೇ ಅಲ್ಲವೇ, ಹೆಗಲು ತಟ್ಟುವುದು, ಎದುರು ನಿಲ್ಲುವುದು, ತುಟಿ ನೋಡುವುದು. ಅಲ್ಲಿ ಕಲಿತದ್ದನ್ನು ಮನೆಗೆ ತಂದಿದ್ದೆವು, ಗುಡಿಗೂ ತಂದಿದ್ದೆವು. ನನ್ನ ಹೆಂಡತಿ ಕೂಡ ನನ್ನ ಜೊತೆ ಮಾತಾಡುವಾಗ ಸಾರಿನ ಸೌಟು ಹಿಡಿದೇ ಅಡುಗೆಮನೆಯಿಂದ ಬಂದು ಎದುರು ನಿಲ್ಲುತ್ತಾಳೆ. ಅದು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೇ ಇರಬಹುದು, ಆದರೆ ಬೇರೆ ಬಗೆಯದು.

ಆ ಶನಿವಾರ ಅವಳು ಪ್ರಸಾದಕ್ಕೆಂದು ಕಡಲೆಕಾಳಿನ ಉಸಲಿ ಮಾಡಿ ಗುಡಿಗೆ ಬೇಗ ಬಂದಳು. ಸಾಮಾನ್ಯವಾಗಿ ಮಂಗಳಾರತಿಯ ಹೊತ್ತಿಗೆ ಬರುವವಳು. ಕಂಬಕ್ಕೆ ಒರಗಿ ಕೂತು ಎರಡು ಹಾಡು ಕೇಳಿದಳು. ಆಮೇಲೆ ಎದ್ದು ನನ್ನ ಎದುರಿಗೆ ಬಂದು ಬಗ್ಗಿದಳು.

"ರೀ, ಶ್ರುತಿ ಪೆಟ್ಟಿಗೆ ಹಾಕಿಲ್ವಾ ಇವತ್ತು?"

ನಮ್ಮ ದುಂಡಿನ ನಡುವೆ ವಿದ್ಯುತ್ತಿನ ಶ್ರುತಿ ಪೆಟ್ಟಿಗೆ ಇತ್ತು. ಅದಕ್ಕೆ ಅರಿಶಿನ ಕುಂಕುಮ ಇಟ್ಟಿದ್ದೆವು. ಅದರ ಕೆಂಪು ದೀಪ ಉರಿಯುತ್ತಿತ್ತು. ನಾನು ಬೆರಳು ಮಾಡಿ ತೋರಿಸಿದೆ.

"ದೀಪ ಕಾಣ್ಸಲ್ವೇನೇ? ಹಾಕಿದೀವಲ್ಲ."

"ದೀಪ ಉರೀತಾ ಇದೆ. ಸದ್ದು ಬರ್ತಿಲ್ಲ."

ಎಲ್ಲರೂ ನಕ್ಕರು. ಢೋಲಕ್ಕಿನವನು, "ಅಕ್ಕಾ, ಅಣ್ಣ ದಿನಾ ಬೈದು ಬೈದು ನಿಮ್ ಕಿವಿ ಹಾಳಾಗಿದೆ ನೋಡಿ, ಡಾಕ್ಟ್ರಿಗೆ ತೋರ್ಸಿ" ಎಂದ. ಅವಳು ನಗಲಿಲ್ಲ. ಪೆಟ್ಟಿಗೆಯನ್ನು ಎತ್ತಿ ಕಿವಿಗೆ ಹಿಡಿದಳು, ತಿರುಪನ್ನು ಆ ಕಡೆ ಈ ಕಡೆ ತಿರುಗಿಸಿದಳು, ಮತ್ತೆ ತಲೆಯಾಡಿಸಿದಳು. ನನಗೆ ರೇಗಿತು. ಭಜನೆ ನಡುವೆ ಬಂದು ಇದೇನು ತಲೆಹರಟೆ ಎಂದು ಬಾಯಿ ಬಿಟ್ಟೆ. ಅಷ್ಟರಲ್ಲಿ ಅರ್ಚಕರು ಗರ್ಭಗುಡಿಯಿಂದ ಹೊರಬಂದರು. ಇನ್ನೂ ಎಳೆ ವಯಸ್ಸಿನವರು, ಸಂಕೋಚದ ಮನುಷ್ಯ.

"ಅದು ಸಂಕ್ರಾಂತಿ ಆದಾಗಿಂದ ಸದ್ದು ಮಾಡ್ತಾನೇ ಇಲ್ಲ ಸಾರ್" ಎಂದರು. "ನೀವು ಬೇಕಂತ್ಲೇ ಹಂಗೆ ಇಟ್ಕೊಂಡಿದೀರಾ ಅನ್ಕೊಂಡೆ. ಪದ್ಧತಿ ಏನೋ ಅಂತ."

ಯಾರೂ ಯಾರನ್ನೂ ನೋಡಲಿಲ್ಲ. ತಾಳದ ಹಿರಿಯರೇ ಮೊದಲು ಮಾತಾಡಿದರು. "ನಂಗೆ ಕೇಳಿಸ್ತಿತ್ತಲ್ಲ ಗುರು. ಗುಂಯ್ ಅಂತ. ಈಗ್ಲೂ ಕೇಳಿಸ್ತಿದೆ."

"ನಂಗೂ" ಎಂದ ಢೋಲಕ್ಕಿನವನು.

ನನಗೂ ಕೇಳಿಸುತ್ತಿತ್ತು. ಪೆಟ್ಟಿಗೆಯ ವೈರು ಕಿತ್ತು ಪಕ್ಕಕ್ಕಿಟ್ಟೆ. ದೀಪ ಆರಿತು. ಗುಂಯ್ ಎನ್ನುವುದು ನಿಲ್ಲಲಿಲ್ಲ. "ನಿಂಗೆ ನಿಂತ್ಹೋಯ್ತಾ?" ಎಂದು ಢೋಲಕ್ಕಿನವನನ್ನು ಕೇಳಿದೆ. ಅವನು ಇಲ್ಲ ಎಂದು ತಲೆಯಾಡಿಸಿದ. ಪಕ್ಕದವನನ್ನು ಕೇಳಿದ, ಅವನಿಗೂ ನಿಂತಿರಲಿಲ್ಲ. ದುಂಡಿನ ಸುತ್ತ ಆ ಪ್ರಶ್ನೆ ಒಂದು ಸುತ್ತು ಬಂತು. ಶಾಪಿನ ಸದ್ದು ಕಿವಿಯೊಳಗೆ ಬಿಟ್ಟುಹೋದ ಗುಂಯ್ ಅದು, ಒಬ್ಬೊಬ್ಬರಿಗೆ ಒಂದೊಂದು ಬಗೆಯದು. ಸಂಕ್ರಾಂತಿಯಿಂದ ನಾವು ಅದಕ್ಕೇ ಶ್ರುತಿ ಹಿಡಿದು ದೇವರಿಗೆ ಹಾಡುತ್ತಿದ್ದೆವು. ಮಂಗಳಾರತಿಗೆ ಬರುತ್ತಿದ್ದ ಹೆಂಗಸರು ನಾವು ಹಾಡುವಾಗ ತುಟಿ ಕಚ್ಚಿ ನೆಲ ನೋಡುತ್ತಿದ್ದುದನ್ನು ಭಕ್ತಿ ಎಂದುಕೊಂಡಿದ್ದೆ. ಆಂಜನೇಯ ಇಷ್ಟು ದಿನ ಗುಡಿ ಬಿಟ್ಟು ಓಡಿಹೋಗದಿದ್ದದ್ದು ದೊಡ್ಡದು.

ಆ ದಿನದ ಭಜನೆ ಅಲ್ಲಿಗೇ ಮುಗಿಯಿತು. ಉಸಲಿ ತಿಂದೆವು. ತಗಡಿನ ಬೆಲೆ, ಮೆಟ್ರೋ, ಬಿಸಿಲು ಅಂತ ಮಾತಾಡಿದೆವು, ಕಿವಿಯ ವಿಷಯ ಯಾರೂ ಎತ್ತಲಿಲ್ಲ. ದಾರಿಯುದ್ದಕ್ಕೂ ನಾನು ಹೆಂಡತಿಗೆ ಹೇಳುತ್ತಾ ಬಂದೆ, ಪೆಟ್ಟಿಗೆಯ ಸದ್ದು ಮೊದಲಿಂದಲೂ ಕಮ್ಮಿ, ಢೋಲಕ್ಕಿನ ಪಕ್ಕದಲ್ಲಿ ಅದು ಯಾರಿಗೆ ತಾನೇ ಕೇಳಿಸೀತು, ಇದನ್ನೆಲ್ಲ ದೊಡ್ಡದು ಮಾಡಬಾರದು ಎಂದು. ಅವಳು ಏನಾದರೂ ಹೇಳಿದಳೋ ಇಲ್ಲವೋ, ಬೀದಿಯ ಕತ್ತಲಲ್ಲಿ ಅವಳ ಮುಖ ನನಗೆ ಕಾಣುತ್ತಿರಲಿಲ್ಲ.

ಮನೆಯ ಮೆಟ್ಟಿಲ ಹತ್ತಿರ ಮನೆ ಒಡತಿ ಸಿಕ್ಕರು. ಊರಿನ ಹಳೇ ಮನೆತನ. ಈ ಕಟ್ಟಡ ನಿಂತ ಜಾಗದಲ್ಲಿ ಮೊದಲು ಅವರ ರಾಗಿ ಹೊಲ ಇತ್ತಂತೆ. ಅವರ ಮಗಳು ಬಾಣಂತನಕ್ಕೆ ಬಂದಿದ್ದಳು. ನಮ್ಮ ನಡುಮನೆಗೂ ಬಾಣಂತಿಯ ಕೋಣೆಗೂ ನಡುವೆ ಇದ್ದದ್ದು ತೆಳ್ಳನೆಯ ಒಂದು ಗೋಡೆ. ನನ್ನ ಹೆಗಲಿಗಿದ್ದ ಹಾರ್ಮೋನಿಯಂ ನೋಡಿ ಅವರು ನಕ್ಕರು.

"ಅಣ್ಣಾ, ಬೇಜಾರ್ ಮಾಡ್ಕಬ್ಯಾಡಿ. ಕೂಸು ಮಲಗಿರೋ ಒತ್ನಲ್ಲಿ ಪೆಟ್ಗೆ ವಸಿ ಮೆತ್ಗೆ ಬಾರ್ಸಿ. ಅಕ್ಕ ಆಡೋದು ಪರವಾಗಿಲ್ಲ, ಅದ್ಕೇನೂ ಎದರಾಕಿಲ್ಲ ಅದು. ಅಕ್ಕನ ಗಂಟ್ಲು ಈಗ ದಪ್ಪ ಆಗೈತೆ ನೋಡಿ, ಇಂಪಾಗಿ ಜೋಗುಳ ಆಡ್ದಂಗೇ ಇರ್ತದೆ."

"ದಪ್ಪ ಏನಾಗಿಲ್ಲ ಕಣಮ್ಮ" ಎಂದೆ ನಾನು. "ಮೊದಲು ಹೆಂಗಿತ್ತೋ ಹಂಗೇ ಇದೆ."

ಅವರು ನನ್ನ ಹೆಂಡತಿಯ ಮುಖ ನೋಡಿದರು. ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡು ಮೆಟ್ಟಿಲು ಹತ್ತಿದಳು.

ಭಾನುವಾರ ನಾವು ಮೊದಲೇ ಅಂದುಕೊಂಡಿದ್ದಂತೆ ಪೇಟೆಗೆ ಹೊರಟೆವು. ನಮಗೆ ಇನ್ನೂ ಅದು ಪೇಟೆಯೇ. ನಾವು ಇರುವುದು ಬೆಂಗಳೂರಿನಲ್ಲೇ ಆದರೂ ಲಾಲ್‌ಬಾಗು, ಬಸವನಗುಡಿಗೆ ಹೋಗುವಾಗ ಬೆಂಗಳೂರಿಗೆ ಹೋಗಿ ಬರುತ್ತೇವೆ ಎನ್ನುತ್ತೇವೆ. ಬಸ್ಸಿನಲ್ಲಿ ಎಂಟನೇ ಮೈಲಿ ಸ್ಟಾಪಿಗೆ ಬಂದು, ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿದೆವು. ಪೀಣ್ಯದ ಮೇಲೆ ಗಾಡಿ ಹೋಗುವಾಗ ಕಿಟಕಿಯಿಂದ ಶೆಡ್ಡುಗಳ ತಗಡಿನ ಮಾಡುಗಳು ಕಾಣುತ್ತವೆ. ಭಾನುವಾರ ಅವು ಬಾಯಿ ಮುಚ್ಚಿಕೊಂಡು ಬಿದ್ದಿರುತ್ತವೆ. ನಮ್ಮ ಶಾಪಿನ ಮಾಡನ್ನು ಹೆಂಡತಿಗೆ ತೋರಿಸುವುದು ನನಗೊಂದು ಚಟ. ಅವತ್ತು ತೋರಿಸಲಿಲ್ಲ.

ಬಸವನಗುಡಿಯ ಹೋಟೆಲಿನ ಮುಂದೆ ಜನ ಹೆಸರು ಬರೆಸಿ ನಿಂತಿದ್ದರು. ದೋಸೆಗಾಗಿ ಬೆಳಿಗ್ಗೆ ಎದ್ದು ಕಾರು ಮಾಡಿಕೊಂಡು ಬಂದು, ಅರ್ಧ ಗಂಟೆ ಕಾದು, ಬಂದ ದೋಸೆಗೆ ಮೊದಲು ಫೋಟೋ ತೆಗೆದು, ಆರಿಸಿ ತಿನ್ನುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಇದನ್ನು ಪ್ರತಿ ಸಲವೂ ಗೊಣಗುತ್ತೇನೆ, ಪ್ರತಿ ಸಲವೂ ನಾವೂ ಹೆಸರು ಬರೆಸಿ ಕಾಯುತ್ತೇವೆ. ಮಸಾಲೆ ದೋಸೆ ಬೆಣ್ಣೆಯಲ್ಲಿ ಮಿಂದು ಬಂತು. ಅಂಚು ಗರಿಗರಿ, ನಡುವೆ ಮೆತ್ತಗೆ, ಒಳಗೆ ಕೆಂಪು ಚಟ್ನಿ. ಬಾಯಿಗಿಟ್ಟಾಗ ದೋಸೆ ಮುರಿಯುವ ಸದ್ದು ದವಡೆಯಲ್ಲಿ ಗೊತ್ತಾಯಿತು, ಕಿವಿಯಲ್ಲಿ ಅಲ್ಲ. ಅದನ್ನು ಅವತ್ತೇ ಮೊದಲ ಬಾರಿಗೆ ಗಮನಿಸಿದೆ. ಒಮ್ಮೆ ಗಮನಿಸಿದ ಮೇಲೆ ಬೇರೆಲ್ಲವೂ ಗಮನಕ್ಕೆ ಬರತೊಡಗಿತು. ಲೋಟಕ್ಕೆ ತಾಗಿದ ಚಮಚ, ಮಾಣಿ ಕೂಗಿದ್ದು, ಪಕ್ಕದ ಮೇಜಿನ ಮಗುವಿನ ಅಳು, ಎಲ್ಲಕ್ಕೂ ಬಾಯಿ ಇತ್ತು, ದನಿ ಅರ್ಧ ಮಾತ್ರ ಇತ್ತು. ಕಾಫಿ ಲೋಟವನ್ನು ಒಂದು ಗುಟುಕಿಗೇ ಕೆಳಗಿಟ್ಟೆ. ಹೆಂಡತಿ ನೋಡಿದಳು, ಬಿಸಿ ಜಾಸ್ತಿ ಎಂದೆ.

ಅಲ್ಲಿಂದ ರಾಮೋತ್ಸವದ ಚಪ್ಪರಕ್ಕೆ ನಡೆದೆವು. ಮದುವೆಯಾದ ಹೊಸತರಿಂದಲೂ ವರ್ಷಕ್ಕೊಮ್ಮೆ ಇಲ್ಲಿ ಬಂದು ಬೆಳಗಿನ ಕಛೇರಿ ಕೇಳುವುದು ನಮ್ಮ ರೂಢಿ. ಟಿಕೆಟ್ಟಿಲ್ಲದ ಹಿಂದಿನ ಕುರ್ಚಿಗಳಲ್ಲಿ ಕೂತು, ಫ್ಯಾನಿನ ಗಾಳಿಗೆ ಮುಖ ಒಡ್ಡಿ, ಪಾನಕ ಕುಡಿದು, ಹೆಸರುಬೇಳೆ ಕೋಸಂಬರಿ ತಿನ್ನುತ್ತಾ ಕೇಳುವ ಸಂಗೀತಕ್ಕೆ ಸಮನಾದದ್ದು ಇನ್ನೊಂದಿಲ್ಲ ಎಂದು ನಾನು ವಾದಿಸುತ್ತಿದ್ದೆ. ಅವತ್ತು ಹಾಡಿದವರು ನಡುವಯಸ್ಸಿನ ಹೆಂಗಸು. ಮೃದಂಗ ನನಗೆ ಎದೆಗೇ ಬಂದು ತಾಗಿತು. ಹಾಡು ಕೆಳಗಿನ ಸ್ವರಗಳಲ್ಲಿ ಓಡಾಡುವಾಗ ಅದೂ ಸಿಕ್ಕಿತು. ನನಗೆ ಜೀವ ಬಂದಂತಾಯಿತು. ನೋಡು, ಎಲ್ಲ ಸರಿ ಇದೆ, ಆ ದರಿದ್ರ ಪೆಟ್ಟಿಗೆಯದೇ ತಪ್ಪು ಎಂದುಕೊಂಡೆ.

ಆಮೇಲೆ ಆಕೆ ಸುಮ್ಮನಾಗಿ ಪಿಟೀಲಿನವರ ಕಡೆ ಕೈ ತೋರಿದರು. ಪಿಟೀಲಿನವರು ರಾಗವನ್ನು ಎತ್ತಿಕೊಂಡು ನಿಧಾನವಾಗಿ ಮೇಲಕ್ಕೆ ಹೋದರು. ಹೋಗುತ್ತಾ ಹೋಗುತ್ತಾ ದನಿ ತೆಳ್ಳಗಾಯಿತು, ದೂರವಾಯಿತು. ಆಮೇಲೆ ಇಲ್ಲವಾಯಿತು. ನಾನು ಮುಂದಕ್ಕೆ ಬಾಗಿದೆ. ಅವರ ಕಮಾನು ಚಲಿಸುತ್ತಲೇ ಇತ್ತು. ಎಡಗೈಯ ಬೆರಳು ಕಮಾನಿನ ಹತ್ತಿರಕ್ಕೇ ಸರಿದು ಅಲ್ಲೇ ನಡುಗುತ್ತಿತ್ತು. ಸುತ್ತಲಿನ ಜನರ ತಲೆಗಳು ತೂಗುತ್ತಿದ್ದವು. ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡಿದ್ದಳು, ಅವಳ ಕೆನ್ನೆ ಒದ್ದೆಯಾಗಿತ್ತು. ನನಗೆ ಬರೀ ಗುಂಯ್. ಇಡೀ ಚಪ್ಪರ ಒಂದು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ ಹಾಗೆ, ನಾನೊಬ್ಬ ಅಂಗಳದಲ್ಲಿ ನಿಂತೆ. ಎಲ್ಲರೂ ಚಪ್ಪಾಳೆ ತಟ್ಟಿದಾಗ ನಾನೂ ತಟ್ಟಿದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

"ಮೈಕ್ ಸರಿಯಿಲ್ಲ" ಎಂದೆ, ಸ್ವಲ್ಪ ಜೋರಾಗಿಯೇ.

ಪಕ್ಕದ ಕುರ್ಚಿಯ ಹುಡುಗಿ ತಿರುಗಿದಳು. "ಇಲ್ಲ ಅಂಕಲ್, ಸಕ್ಕತ್ತಾಗಿ ಕೇಳಿಸ್ತಿದೆ" ಎಂದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಆ ಹುಡುಗಿಯನ್ನು ನಾನು ಇನ್ನೂ ಕ್ಷಮಿಸಿಲ್ಲ.

ಮಧ್ಯಾಹ್ನ ಲಾಲ್‌ಬಾಗಿನಲ್ಲಿ ಮರದ ಕೆಳಗೆ ಟವೆಲ್ ಹಾಸಿ ಮಲಗಿದೆ. ನಿದ್ದೆ ಬರಲಿಲ್ಲ. ಎದ್ದು ಕೆರೆಯ ದಂಡೆಯ ಮೇಲೆ ನಡೆದೆ. ನೀರಿನಲ್ಲಿ ಬಾತುಗಳಿದ್ದವು, ಜನ ಗುಂಪುಗುಂಪಾಗಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು, ಒಬ್ಬಳು ಮುಡಿದ ಮಲ್ಲಿಗೆಯ ಘಮ ದಾರಿಯಲ್ಲೇ ನಿಂತಿತ್ತು. ಚೆಲುವಾದ ಮಧ್ಯಾಹ್ನ. ಯಾರೋ ಭುಜ ಮುಟ್ಟಿದರು. ವಾಕಿಂಗ್ ಬಂದ ಒಬ್ಬ ಹಿರಿಯರು. "ಸಾರ್, ಅವಾಗಿಂದ ಮೇಡಂ ಕರೀತಾನೇ ಇದಾರೆ" ಎಂದರು. ತಿರುಗಿದೆ. ನನ್ನ ಹೆಂಡತಿ ನಾಲ್ಕು ಮಾರು ಹಿಂದೆ, ಎರಡು ಕೈಯಲ್ಲೂ ಖಾರ ಹಚ್ಚಿದ ಮಾವಿನಕಾಯಿಯ ಪೊಟ್ಟಣ ಹಿಡಿದು ನಿಂತಿದ್ದಳು. ಕೂಗಿ ಕೂಗಿ ಅವಳ ಮುಖ ಕೆಂಪಾಗಿತ್ತು.

ಬೆಂಚಿನ ಮೇಲೆ ಕೂತು ಅವಳು ಮಾವಿನಕಾಯಿ ಕೊಟ್ಟಳು. ಆಮೇಲೆ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಅಷ್ಟು ಜನರ ನಡುವೆ ಅವಳು ಹಾಗೆ ಮಾಡಿದ್ದು ನಾನು ಕಂಡಿರಲಿಲ್ಲ.

"ಕಿವಿ ತೋರ್ಸೋಣ ರೀ."

"ಕಿವಿಗೆ ಏನಾಗಿದೆ?"

"ಎಲ್ಲಾ ಗೊತ್ತಿದ್ದೂ ಯಾಕೆ ಹಿಂಗೆ ಆಡ್ತೀರಿ? ನಿಮ್ ಜೊತೆ ಇರೋಳು ನಾನು. ಬೆನ್ನ ಹಿಂದೆ ಮಾತಾಡಿದ್ರೆ ನಿಮಗೆ ಕೇಳಿಸಿ ಯಾವ ಕಾಲ ಆಯ್ತು?"

ಸಿಟ್ಟು ನೆತ್ತಿಗೇರಿತು. ಮಾತು ಕೇಳದಿದ್ದರೆ ಕೇಳದಿರಲಿ, ಶಾಪಿನಲ್ಲಿ ಅರ್ಧ ಜನಕ್ಕೆ ಕೇಳುವುದಿಲ್ಲ, ಯಾರೂ ಸತ್ತಿಲ್ಲ ಎಂದೆ. ಅವಳು ಮತ್ತೆ ಏನೋ ಅಂದಳು, ನಾನು ಬೇಕೆಂದೇ ಮುಖ ತಿರುಗಿಸಿಕೊಂಡೆ. ಮುಖ ತಿರುಗಿಸಿಕೊಂಡರೆ ಸಾಕು, ಅವಳ ಮಾತು ನಿಂತುಹೋಗುತ್ತಿತ್ತು. ಅಷ್ಟು ಸುಲಭವಾಗಿತ್ತು. ಬಿಸಿಲು ಇಳಿದ ಮೇಲೆ ಇಬ್ಬರೂ ಎದ್ದು ಮೆಟ್ರೋ ಹತ್ತಿದೆವು. ಮಾವಿನಕಾಯಿ ಪೊಟ್ಟಣದಲ್ಲೇ ಉಳಿಯಿತು.

ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಅವಳು ಕೈಕಾಲು ತೊಳೆದು ದೀಪ ಹಚ್ಚಿದಳು. ನಾನು ಚಾಪೆ ಹಾಸಿ ಹಾರ್ಮೋನಿಯಂ ತೆಗೆದಿಟ್ಟೆ.

"ಬಾ, ಕೂತ್ಕೋ. ಹಾಡು."

"ಇವತ್ತು ಬೇಡ ರೀ. ಸುಸ್ತಾಗಿದೆ. ಕೂಸು ಬೇರೆ ಮಲಗಿದೆಯೋ ಏನೋ."

"ಮೆತ್ತಗೆ ನುಡಿಸ್ತೀನಿ. ಅಜ್ಜಿ ಹಾಡು ಹೇಳು. ನಿನ್ನ ತುಟಿ ನೋಡಲ್ಲ, ಕಣ್ಣು ಮುಚ್ಕೋತೀನಿ. ಎಲ್ಲಿ ಉಸಿರು ತಗೊಂಡೆ ಅಂತ ಕೂಡ ಹೇಳ್ತೀನಿ. ಆಮೇಲೆ ಹೇಳು ನನ್ನ ಕಿವಿ ಹೋಗಿದೆ ಅಂತ."

ಅವಳು ಹೋಗಿ ಬಾಗಿಲು ಹಾಕಿ ಬಂದಳು. ಆಮೇಲೆ ಎದುರಿಗೆ ಕೂತು, ಹೆಣ್ಣು ನೋಡುವ ದಿನದ ಹಾಗೆಯೇ ತಲೆ ತಗ್ಗಿಸಿದಳು. ನಾನು ತಿದಿ ಒತ್ತಿ ಷಡ್ಜ ಹಿಡಿದು ಕಣ್ಣು ಮುಚ್ಚಿದೆ.

ಕೇಳಿಸಿತು. ಪಲ್ಲವಿ ಕೇಳಿಸಿತು. ಅವಳ ಹಿಂದೆಯೇ ನನ್ನ ಬೆರಳು ಹೋದವು. ಮೊದಲ ಚರಣದಲ್ಲಿ ಅವಳು ಎಂದಿನಂತೆ ಎರಡನೇ ಸಾಲಿನ ಮುಂಚೆ ಉಸಿರು ತೆಗೆದುಕೊಂಡಳು, ನಾನು ಅಲ್ಲಿ ಬೆರಳು ತಡೆದೆ. ಎರಡನೇ ಚರಣ ಮೇಲಕ್ಕೆ ಹೋಯಿತು. ಪಿಟೀಲು ಮಾಯವಾದ ಎತ್ತರಕ್ಕೇ ಹೋಯಿತು. ಅಲ್ಲಿ ಆ ಸಣ್ಣ ದನಿ ನಿಂತು, ಗೋಡೆಯಾಚೆ ಇಣುಕಿ, ಕೆಳಗಿಳಿಯಿತು. ಒಂದು ಗಮಕವೂ ತಪ್ಪಲಿಲ್ಲ, ಒಂದು ಅಕ್ಷರವೂ ತಪ್ಪಲಿಲ್ಲ. ಬೆಳಗಿನಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಹೆದರಿಕೆ ಕರಗಿಹೋಯಿತು. ಸಂಗೀತವೆಲ್ಲ ಹೋದರೆ ಹೋಗಲಿ, ಇದೊಂದು ಉಳಿದಿದೆ, ಇದು ಹೋಗುವಂಥದ್ದಲ್ಲ ಎನಿಸಿತು. ಕಣ್ಣಲ್ಲಿ ನೀರು ಬಂತು. ಮತ್ತೆ ಪಲ್ಲವಿಗೆ ಬಂದು ನಿಲ್ಲಿಸಿ, ಗೆದ್ದವನ ಹಾಗೆ, "ಈಗೇನಂತೀಯೇ?" ಎನ್ನುತ್ತಾ ಕಣ್ಣು ತೆರೆದೆ.

ಚಾಪೆಯ ಮೇಲೆ ಅವಳಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದಳು. ಬಾಗಿಲು ತೆರೆದಿತ್ತು, ಹೊಸ್ತಿಲಾಚೆ ಮನೆ ಒಡತಿ, ಅವರ ಹೆಗಲ ಮೇಲೆ ಬಾಯಿ ಅಗಲಿಸಿ ಅಳುತ್ತಿದ್ದ ಕೂಸು. ಇಬ್ಬರು ಹೆಂಗಸರೂ ನನ್ನನ್ನು ನೋಡುತ್ತಿದ್ದರು. ಬಾಯಿಯ ಮೇಲೆ ಅಂಗೈ ಇಟ್ಟುಕೊಂಡಿದ್ದ ನನ್ನ ಹೆಂಡತಿ ಬಂದು ಎದುರಿಗೆ ಕೂತು, ನನಗೆ ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು.

"ಪಲ್ಲವಿ ಮುಗಿಯೋಷ್ಟ್ರಲ್ಲೇ ಕೂಸು ಎದ್ದುಬಿಡ್ತು ರೀ. ಅವ್ರು ಬಾಗಿಲು ಬಡಿದ್ರು. ಹಾಡು ನಿಲ್ಸಿ ಎದ್ದು ಹೋದೆ. ನೀವೂ ನಿಲ್ಲಿಸ್ತೀರ ಅಂದ್ಕೊಂಡೆ."

ಆಮೇಲೆ ಡಾಕ್ಟರಿಗೆ ತೋರಿಸಿದೆವು. ಕಿವಿಗೆ ಯಂತ್ರ ಬಂತು. ಬೆನ್ನ ಹಿಂದಿನ ಮಾತು ಈಗ ಸಿಗುತ್ತದೆ, ಬಾಗಿಲು ಬಡಿದದ್ದೂ ಸಿಗುತ್ತದೆ. ಹಾಡು ಮಾತ್ರ ತಗಡಿನ ಮೇಲೆ ಉಗುರು ಗೀಚಿದಂತೆ ಬರುತ್ತದೆ. ಕಾಲ ಕಳೆದ ಹಾಗೆ ರೂಢಿಯಾಗುತ್ತದೆ ಎನ್ನುತ್ತಾರೆ. ಭಜನೆ ಮೇಳ ನಿಂತುಹೋಗಿಲ್ಲ, ಶ್ರುತಿ ಪೆಟ್ಟಿಗೆಯನ್ನು ರಿಪೇರಿ ಮಾಡಿಸಿದ್ದೇವೆ, ಅದಕ್ಕೆ ಸದ್ದಿದೆ ಎಂದು ಪ್ರತಿ ಶನಿವಾರ ಅರ್ಚಕರು ಕಿವಿ ಇಟ್ಟು ಹೇಳಿದ ಮೇಲೆ ಶುರು ಮಾಡುತ್ತೇವೆ. ಭಾನುವಾರಗಳಲ್ಲಿ ದೋಸೆ ತಿನ್ನಲು ಹೋಗುತ್ತೇವೆ. ಚಪ್ಪರಕ್ಕೆ ಈ ವರ್ಷ ಹೋಗಲಿಲ್ಲ.

ಅಜ್ಜಿಯ ಹಾಡು ನನಗೆ ಬೇಕೆಂದಾಗ ಈಗಲೂ ಕೇಳುತ್ತದೆ. ಯಂತ್ರ ಕಿತ್ತಿಟ್ಟು ಕಣ್ಣು ಮುಚ್ಚಿದರೆ ಸಾಕು. ಆದರೆ ಕೇಳುವುದು ಹೆಣ್ಣು ನೋಡಿದ ದಿನದ ಆ ಸಣ್ಣ ದನಿ. ಅದು ಯಾವತ್ತು ದಪ್ಪವಾಯಿತು, ಎಷ್ಟು ದಪ್ಪವಾಯಿತು, ಎರಡನೇ ಚರಣದ ಎತ್ತರಕ್ಕೆ ಈಗಲೂ ಹೋಗುತ್ತದೆಯೇ, ಹೋಗಲಾರದೆ ಅವಳು ಅಲ್ಲಿ ಬೇರೇನಾದರೂ ಮಾಡುತ್ತಾಳೆಯೇ, ನನಗೆ ಗೊತ್ತಿಲ್ಲ. ನನ್ನ ಹೆಂಡತಿಯ ಈಗಿನ ದನಿ ಹೇಗಿದೆ ಎಂದು ಮನೆ ಒಡತಿಗೆ ಗೊತ್ತು. ಗೋಡೆಯಾಚೆಯ ಆ ಕೂಸಿಗೂ ಗೊತ್ತು.